ಉಚಿತ ತಂತ್ರಾಂಶ: ಗುಣಮಟ್ಟದ ಅಳತೆಗೋಲು ಯಾವುದು?

ಬೆಲೆಯಿಲ್ಲದ ತಂತ್ರಾಂಶವೆಲ್ಲ ಕಳಪೆಯೆಂದಾಗಲಿ, ಹಣ ತೆತ್ತು ಕೊಂಡದ್ದೆಲ್ಲ ನಿರ್ದೋಷವೆಂದಾಗಲಿ ಭಾವಿಸುವುದು ಸರಿಯಲ್ಲ. 2014ರಲ್ಲಿ ಮುಕ್ತ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಗಂಭೀರ ಲೋಪ ಪತ್ತೆಯಾಯಿತು. 2024ರ ಜುಲೈನಲ್ಲಿ ವಾಣಿಜ್ಯ ತಂತ್ರಾಂಶವಾದ ಕ್ರೌಡ್‌ಸ್ಟ್ರೈಕ್‌ನ ದೋಷಪೂರ್ಣ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ಸ್ಥಗಿತಗೊಂಡವು.

ಪತ್ರವ್ಯವಹಾರ, ದರಪಟ್ಟಿಗಳಿಗೆ ಉಚಿತವಾದ ಲಿಬ್ರೆಆಫೀಸ್ ಸಾಕು. ಲೆಕ್ಕಪತ್ರದ ವಿಷಯ ಬೇರೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ನಮೂದುಗಳ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕು. ಆ ವ್ಯವಸ್ಥೆಯನ್ನು ಯಾರೂ ನಿಷ್ಕ್ರಿಯಗೊಳಿಸುವಂತಿರಬಾರದು. ಲೆಕ್ಕಪರಿಶೋಧಕರು ಈ ಬಗ್ಗೆ ತಮ್ಮ ವರದಿಯಲ್ಲಿ ತಿಳಿಸಲೇಬೇಕು. ಮೂಲಸಂಕೇತವನ್ನೇ ಬದಲಿಸಬಹುದಾದ ಮುಕ್ತ ತಂತ್ರಾಂಶದಲ್ಲಿ ಇದರ ಪರಿಶೀಲನೆ ಹೆಚ್ಚು ಅಗತ್ಯ.

ಆದುದರಿಂದ ಬೆಲೆಗೆ ಮೊದಲು ತಿದ್ದುಪಡಿಯ ದಾಖಲೆ, ಬ್ಯಾಕಪ್ ಸೌಲಭ್ಯ, ಕೆಟ್ಟಾಗ ಬರುವ ತಂತ್ರಜ್ಞ — ಈ ಮೂರನ್ನು ವಿಚಾರಿಸುವುದು ಲೇಸು.