ಮಾರಾಟವೆಂಬ ಕಾಯಕ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಆಗ್ರಹಿಸಿದಾಗ, ನಾನು ಶಿಕ್ಷಣ ಪದ್ಧತಿಯ ಬಗೆಗೋ ಗಡಿನಾಡ ಕನ್ನಡದ ಸ್ಥಿತಿಗತಿಯ ಬಗೆಗೋ ನಾಲ್ಕು ಮಾತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆದರೆ ಸಂಚಿಕೆಗಾಗಿ ಸಂಗ್ರಹಿಸಿದ ಹಳೆಯ ವಿದ್ಯಾರ್ಥಿಗಳ ಮಾಹಿತಿ ಪತ್ರಗಳನ್ನು ತಿರುವಿಹಾಕಿದ ಮೇಲೆ ಬೇರೆಯೇ ವಿಷಯ ಹೊಳೆಯಿತು. 'ಉದ್ಯೋಗ' ಎಂಬ ಅಂಕಣದಲ್ಲಿ ಶಿಕ್ಷಕ, ತಲಾಠಿ, ಪೊಲೀಸ್, ವೈದ್ಯ, ಇಂಜಿನಿಯರ್ ಎಂದು ಬರೆದವರು ದಪ್ಪ ಅಕ್ಷರಗಳಲ್ಲಿ ಬರೆದಿದ್ದಾರೆ. ಬೀಜ ಗೊಬ್ಬರ ಮಾರುವವರು, ಔಷಧ ಕಂಪನಿಯ ಪ್ರತಿನಿಧಿಗಳು, ವಿಮಾ ಏಜೆಂಟರು, ಬಟ್ಟೆ ಅಂಗಡಿಯಲ್ಲಿ ನಿಂತು ದುಡಿಯುವವರು, ಅಡತಿ ನಡೆಸುವವರು ಮಾತ್ರ 'ಖಾಸಗಿ' ಎಂಬ ಒಂದೇ ಪದವನ್ನು ಸಣ್ಣಗೆ ಬರೆದು ಸುಮ್ಮನಾಗಿದ್ದಾರೆ. ಒಬ್ಬನಂತೂ ಅಂಕಣವನ್ನೇ ಖಾಲಿ ಬಿಟ್ಟಿದ್ದಾನೆ. ಅವನ ಅಂಗಡಿಯಿಂದಲೇ ನಮ್ಮ ಮನೆಗೆ ತಿಂಗಳ ದಿನಸಿ ಬರುತ್ತದೆ!

ಮಾರುವುದು ಮಾನದ ಕೆಲಸವಲ್ಲವೆಂಬ ಈ ಸಂಕೋಚ ನಮ್ಮ ನೆಲಕ್ಕೆ ಹೊಸದು. ಐಹೊಳೆಯ ಹೆಸರಿನಿಂದ ಪ್ರಸಿದ್ಧರಾದ ಅಯ್ಯಾವೊಳೆ ಐನೂರ್ವರು ಕನ್ನಡ ನಾಡಿನ ವರ್ತಕರ ಮಹಾಸಂಘದವರು. ಅವರು ತಮ್ಮ ವೃತ್ತಿಯನ್ನು 'ವೀರ ಬಣಂಜು ಧರ್ಮ'ವೆಂದು ಕರೆದುಕೊಂಡರು. ಲಾಭದ ವಿಚಾರ ಬರುವುದಕ್ಕೆ ಮೊದಲೇ ತಮ್ಮ ಶೌರ್ಯ, ಸತ್ಯ, ಶುಚಿತ್ವಗಳನ್ನು ಶಾಸನಗಳಲ್ಲಿ ಪುಟಗಟ್ಟಲೆ ಹೊಗಳಿಸಿಕೊಂಡರು. ಈ ಹೆಸರಿನ ಸಂಘ ಸಮುದ್ರದಾಚೆಗೂ ಹೋಗಿತ್ತು. ಸುಮಾತ್ರಾ ದ್ವೀಪದ ಬಾರುಸ್ ಬಳಿ ದೊರೆತ ಕ್ರಿ. ಶ. 1088ರ ತಮಿಳು ಶಾಸನವೇ ಅದಕ್ಕೆ ಸಾಕ್ಷಿ. ಅಷ್ಟು ದೂರವೇಕೆ? ನಮ್ಮ ಉಮರ್ಗಾದಿಂದ ಹೆದ್ದಾರಿ ಹಿಡಿದರೆ ತಾಸೊಂದರಲ್ಲಿ ತಲುಪಬಹುದಾದ ಬಸವಕಲ್ಯಾಣವನ್ನೇ ನೆನೆಯೋಣ. ಹನ್ನೆರಡನೆಯ ಶತಮಾನದಲ್ಲಿ ಆ ಬೀದಿಗಳಲ್ಲಿ ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆ ಮಾರಿದನು, ನುಲಿಯ ಚಂದಯ್ಯನು ಹಗ್ಗ ಹೊಸೆದು ಮಾರಿದನು, ಮೇದರ ಕೇತಯ್ಯನು ಬಿದಿರಿನ ಬುಟ್ಟಿ ಮೊರಗಳನ್ನು ಮಾರಿದನು. ಬಸವಣ್ಣನವರೇ ಗುಟ್ಟಾಗಿ ಬಿಟ್ಟು ಬಂದ ಹೊನ್ನನ್ನು ಕಟ್ಟಿಗೆ ಮಾರುವ ಮಾರಯ್ಯನು ತನಗೆ ಬೇಡವೆಂದು ಜಂಗಮರಿಗೆ ಹಂಚಿಸಿದ ಕಥೆಯನ್ನು ನಮ್ಮ ಭಾಗದ ಪುರಾಣ ಪ್ರವಚನಗಳಲ್ಲಿ ಕೇಳದವರಿಲ್ಲ. ಕಾಯಕವೆಂದರೆ ಮಾಡುವುದು ಮಾತ್ರವಲ್ಲ, ಮಾಡಿದ್ದನ್ನು ನ್ಯಾಯದ ಬೆಲೆಗೆ ಮಾರುವುದೂ ಹೌದು ಎಂಬುದನ್ನು ಪ್ರವಚನಕಾರರು ಏಕೋ ಒತ್ತಿ ಹೇಳುವುದಿಲ್ಲ.

ನಮ್ಮ ಹಿಂದಿನ ತಲೆಮಾರಿನ ವ್ಯಾಪಾರಿಗಳ ಬುದ್ಧಿಶಕ್ತಿಯನ್ನು ಇಂದಿನವರು ಊಹಿಸಲಾರರು. ಆಗ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಇಲ್ಲಿ ಚಲಾವಣೆಯಾಗುತ್ತಿದ್ದುದು ಹಾಲಿ ಸಿಕ್ಕಾ, ಅಲ್ಲಿ ಕಲ್ದಾರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ ಎಂಬುದು ಲೆಕ್ಕ. ಸೊಲ್ಲಾಪುರದಲ್ಲಿ 12 ಕಲ್ದಾರಕ್ಕೆ ಕೊಂಡ ಬಟ್ಟೆ ಇಲ್ಲಿ 14 ಹಾಲಿಯಾಯಿತು. ಅದರ ಮೇಲೆ ಸುಂಕ, ಬಂಡಿಯ ಬಾಡಿಗೆ, ಲಾಭ ಸೇರಿಸಿ, ರೂಪಾಯಿಯನ್ನು ಆಣೆ ಪೈಗಳಾಗಿ ಒಡೆದು, ಗಿರಾಕಿ ಬಾಯಿ ತೆರೆಯುವುದರೊಳಗೆ ಗಜದ ದರ ಹೇಳಬೇಕು. ಮೂರನೆಯ ಇಯತ್ತೆಯನ್ನೂ ದಾಟದ ಹಿರಿಯರು ಇದನ್ನು ಬೆರಳ ತುದಿಯಲ್ಲಿ ಮಾಡುತ್ತಿದ್ದರೆಂದು ನನ್ನ ತಂದೆಯವರು ಹೇಳುತ್ತಿದ್ದರು. ತ್ರೈರಾಶಿ ಕಲಿಸುವಾಗ ನಾನು ಹಾಲಿ ಕಲ್ದಾರದ ಲೆಕ್ಕವನ್ನೇ ಹಲಗೆಯ ಮೇಲೆ ಬರೆಯುತ್ತಿದ್ದುದು ಕೆಲವು ವಿದ್ಯಾರ್ಥಿಗಳಿಗಾದರೂ ನೆನಪಿರಬಹುದು.

ಅದೇ ಹಿರಿಯರಿಗೆ ಭಾಷೆಗಳ ತೊಡಕೂ ಇರಲಿಲ್ಲ. 1956ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಹೊಸ ಲಾತೂರ ಜಿಲ್ಲೆಗೆ ಹೋದವು. ಗಡಿ ಎಲ್ಲಿ ಬಿದ್ದರೂ ಸಂತೆಯ ನಾಲಿಗೆ ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ, ಮೇಲುಗಡೆಯಿಂದ ಬಂದ ಗಿರಾಕಿಗೆ ತೆಲುಗು, ತಾಂಡೆಯವರಿಗೆ ಲಂಬಾಣಿಯ ನಾಲ್ಕು ಮಾತು. ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ನಮ್ಮ ಮಕ್ಕಳಿಗೆ ಕನ್ನಡ ಮಾಧ್ಯಮವು ಎರಡೂ ಕಡೆ ಅಡ್ಡಿಯಾಗಿ ಕಾಣುತ್ತದೆ. ಇಲ್ಲಿ ಮರಾಠಿ ಕಡಿಮೆಯೆನ್ನುತ್ತಾರೆ, ಅಲ್ಲಿ ಬೇರೆ ರಾಜ್ಯದವರೆನ್ನುತ್ತಾರೆ. ಆದರೆ ಉಮರ್ಗಾದಿಂದ ಕಲಬುರ್ಗಿಯವರೆಗೆ, ಉದಗೀರದಿಂದ ಬೀದರ ಮಾರ್ಗವಾಗಿ ಜಹೀರಾಬಾದಿನವರೆಗೆ ತಿರುಗಬೇಕಾದ ಔಷಧ ಪ್ರತಿನಿಧಿಗೆ ನಮ್ಮ ಶಾಲೆಯ ಹುಡುಗನಿಗಿಂತ ತಕ್ಕವನು ಪುಣೆ, ಮುಂಬಯಿಗಳಲ್ಲಿ ಸಿಗುವನೇ? ಈ ಪ್ರದೇಶವನ್ನು ಒಬ್ಬರಿಗೇ ಒಪ್ಪಿಸುವ ಕಂಪನಿಗಳು ಅಂಥವನನ್ನು ಹುಡುಕಿಕೊಂಡು ಬರುತ್ತವೆ. ಉಳಿದೆಡೆ ಕೊರತೆಯೆನಿಸಿದ್ದು ಮಾರಾಟದಲ್ಲಿ ಬಂಡವಾಳವಾಗುತ್ತದೆ.

ಇನ್ನು ಮಾರುವವನ ತಿಳಿವಳಿಕೆಯ ಮಾತು. ಉದಗೀರದ ಬಳಿಯ ದೇವಣಿಯ ಹೆಸರನ್ನೇ ಹೊತ್ತ ದೇವಣಿ ದನಗಳನ್ನು ಕೊಳ್ಳಲು ದೂರ ದೂರದಿಂದ ರೈತರು ಬರುತ್ತಾರೆ. ಮೈ ಬಿಳುಪಾಗಿ ಹೊಟ್ಟೆಯ ಕೆಳಗೆ ಮಾತ್ರ ಕಪ್ಪು ಚುಕ್ಕೆಗಳಿರುವುದು ಬಾಲಂಕ್ಯಾ, ಬಿಳಿ ಮೈಗೆ ಕಪ್ಪು ಮುಖವಿರುವುದು ವಾನ್ನೇರಾ, ಮೈತುಂಬ ಕಪ್ಪು ಬಿಳುಪಿನ ಮಚ್ಚೆಗಳಿರುವುದು ಶೇವರಾ. ಹಲ್ಲು ನೋಡಿ ವಯಸ್ಸು, ಗೊರಸು ನೋಡಿ ನಡಿಗೆ, ಕಣ್ಣು ನೋಡಿ ಗುಣ ಹೇಳಬಲ್ಲ ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡು ನಗುವವರು, ಅವನ ತಲೆಯಲ್ಲಿರುವ ಪಶುವಿಜ್ಞಾನವನ್ನು ಕಾಣುವುದಿಲ್ಲ. (ಬೆರಳಿನ ಗುಟ್ಟಿನಿಂದ ಮೋಸವೂ ನಡೆಯುತ್ತದೆಂಬುದು ನಿಜ. ನನಗೆ ಆ ಪದ್ಧತಿ ಹಿಡಿಸುವುದಿಲ್ಲ.)

ಬೀಜದ ಅಂಗಡಿಯವರ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಅದರಲ್ಲಿದ್ದಾರೆ. ಇಂದು ನಮ್ಮ ಎರೆಹೊಲಗಳಲ್ಲಿ ಜೋಳ ಹಿಂದೆ ಸರಿದು ಸೋಯಾಬೀನ್ ಮುಂದೆ ಬಂದಿದೆ. 2020ರ ಮುಂಗಾರಿನಲ್ಲಿ ಮರಾಠವಾಡದಲ್ಲೆಲ್ಲ ಬಿತ್ತಿದ ಸೋಯಾಬೀನ್ ಮೊಳೆಯಲಿಲ್ಲವೆಂದು ಸಾವಿರಾರು ದೂರುಗಳು ಬಂದವು. ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠದವರೆಗೂ ವಿಷಯ ಹೋಯಿತು. ಚೀಲದ ಮೇಲೆ ಹೆಸರು ಅಚ್ಚಾದ ಕಂಪನಿ ಎಲ್ಲೋ ದೂರದಲ್ಲಿರುತ್ತದೆ. ಕಣ್ಣೀರಿಡುವ ರೈತ ಬಂದು ನಿಲ್ಲುವುದು ಊರ ಅಂಗಡಿಯ ಮೆಟ್ಟಿಲ ಮೇಲೆ. ಆ ಹೊತ್ತಿನಲ್ಲಿ ಅಂಗಡಿಯವನು ಏನಾಗಿದ್ದಾನೆಂಬುದು ತಿಳಿಯುತ್ತದೆ.

ನಮ್ಮ ಶಾಲೆಯಲ್ಲಿ ಕಲಿತವನೊಬ್ಬನ ಅಂಗಡಿಯಲ್ಲಿ ನಾನು ಕಂಡ ಕ್ರಮವಿದು. ಮೃಗಶಿರಾ ಮಳೆಗೆ ಮೊದಲೇ ಅವನು ಪ್ರತಿ ಲಾಟಿನ ಚೀಲದಿಂದ 100 ಕಾಳು ಎಣಿಸಿ ತೆಗೆದು, ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿಟ್ಟು ಸುರುಳಿ ಸುತ್ತಿ ನೆರಳಿನಲ್ಲಿಡುತ್ತಾನೆ. ದಿನವೂ ನೀರು ಚಿಮುಕಿಸಿ ವಾರದ ನಂತರ ಬಿಚ್ಚಿ ಮೊಳಕೆ ಎಣಿಸುತ್ತಾನೆ. ಸೋಯಾಬೀನಿಗೆ ಸರ್ಕಾರಿ ಪ್ರಮಾಣೀಕರಣದ ಕನಿಷ್ಠ ಮಟ್ಟ ನೂರಕ್ಕೆ 70. ಎಪ್ಪತ್ತಕ್ಕಿಂತ ಕಡಿಮೆ ಬಂದ ಲಾಟನ್ನು ಅವನು ಹಿಂದಿರುಗಿಸುತ್ತಾನೆ. ಮನೆಯ ಬೀಜ ಬಿತ್ತುವೆನೆಂಬ ರೈತನಿಗೂ ಇದನ್ನೇ ಕಲಿಸಿ, ಮೊಳಕೆ ಸ್ವಲ್ಪ ಕಡಿಮೆಯಾದರೆ ಎಕರೆಗೆ ಬೀಜದ ಪ್ರಮಾಣ ಹೆಚ್ಚಿಸೆಂದು ಹೇಳಿ ಕಳುಹಿಸುತ್ತಾನೆ. ಅಂದರೆ ತನ್ನ ಚೀಲ ಮಾರಾಟವಾಗದಂಥ ವಿದ್ಯೆಯನ್ನೂ ಧಾರಾಳವಾಗಿ ಹಂಚುತ್ತಾನೆ. "ಇದರಿಂದ ನಷ್ಟವಲ್ಲವೇನಪ್ಪಾ?" ಎಂದು ಕೇಳಿದೆ. "ಸರ್, ಈ ವರ್ಷ ಬೀಜ ಒಯ್ಯದಿದ್ದರೆ ಗೊಬ್ಬರ ಒಯ್ಯುತ್ತಾನೆ. ಬೆಳೆ ಬಾರದಿದ್ದರೆ ಏನೂ ಒಯ್ಯುವುದಿಲ್ಲ" ಎಂದ. ಅರ್ಥಶಾಸ್ತ್ರದ ಪಾಠವೊಂದನ್ನು ಅವನು ಎರಡು ವಾಕ್ಯದಲ್ಲಿ ಮುಗಿಸಿದ.

ಮಾರುವವನು ಗಳಿಸುವುದು ಹಣ ಮಾತ್ರವಲ್ಲವೆಂಬುದನ್ನು ನಮ್ಮ ಭಾಗವು 1993ರ ಸೆಪ್ಟೆಂಬರ್ 30ರ ನಂತರ ಕಣ್ಣಾರೆ ಕಂಡಿದೆ. ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷ ಮೊದಲು ಕಿಲ್ಲಾರಿ, ಸಾಸ್ತೂರ ಸುತ್ತಿನ ಹಳ್ಳಿಗಳ ಕಲ್ಲುಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ಆ ದುಃಖವನ್ನು ಇಲ್ಲಿ ಮತ್ತೆ ಕೆದಕಲಾರೆ. ನನಗೆ ಪರಿಚಯವಿದ್ದ ಒಬ್ಬ ಕಿರಾಣಿ ವ್ಯಾಪಾರಿ ಬದುಕುಳಿದರು. ಅಂಗಡಿ ನೆಲಸಮವಾಗಿತ್ತು, ಉದ್ರಿಯ ಖಾತೆ ಪುಸ್ತಕ ಮಣ್ಣಿನಡಿ ಸೇರಿ ಮಳೆಗೆ ಕರಗಿಹೋಗಿತ್ತು. ಯಾರು ಎಷ್ಟು ಕೊಡಬೇಕೆಂಬುದಕ್ಕೆ ಒಂದು ಅಕ್ಷರದ ಆಧಾರವೂ ಉಳಿದಿರಲಿಲ್ಲ. ಅವರು ತಗಡಿನ ಶೆಡ್ಡಿನಲ್ಲಿ ಮತ್ತೆ ಅಂಗಡಿ ಹಾಕಿದಾಗ, ಬದುಕುಳಿದ ಮನೆಗಳವರು ಒಬ್ಬೊಬ್ಬರಾಗಿ ಬಂದು, ನಮ್ಮದು ಇಷ್ಟು ಬಾಕಿಯಿತ್ತು, ನಮ್ಮ ಅಣ್ಣನದು ಇಷ್ಟು, ಅವನಿಲ್ಲ, ನಮ್ಮ ಹೆಸರಿಗೆ ಬರೆದುಕೊಳ್ಳಿರಿ ಎಂದು ಬರೆಯಿಸಿದರು. ವ್ಯಾಪಾರಿಯು ಸತ್ತವರ ಬಾಕಿಯನ್ನು ಬರೆದುಕೊಳ್ಳಲಿಲ್ಲ. ಆ ಹೊಸ ಖಾತೆ ಪುಸ್ತಕವನ್ನು ನಾನು ನೋಡಿದ್ದೇನೆ. ಮೂವತ್ತು ವರ್ಷ ತೂಕದಲ್ಲಿ ಮೋಸ ಮಾಡದವನಿಗಲ್ಲದೆ ಇನ್ನಾರಿಗೆ ಜನ ಹೀಗೆ ಬಂದು ಸಾಲ ಒಪ್ಪಿಕೊಂಡಾರು? ಯಾವ ನೌಕರಿಯ ನಿವೃತ್ತಿ ಸಮಾರಂಭದಲ್ಲೂ ಇಂಥ ಸನ್ಮಾನವನ್ನು ನಾನು ಕಂಡಿಲ್ಲ; ನನ್ನದರಲ್ಲಿ ಶಾಲು ಮತ್ತು ತೆಂಗಿನಕಾಯಿ ಕೊಟ್ಟರು.

ವಿಮೆಯ ಏಜೆಂಟರನ್ನು ಕಂಡರೆ ದಾರಿ ಬದಲಿಸುವವರೂ ಒಂದು ಮಾತು ತಿಳಿಯಬೇಕು. 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳನ್ನು ಒಟ್ಟುಗೂಡಿಸಿ ಜೀವ ವಿಮಾ ನಿಗಮವನ್ನು ಕಟ್ಟಿದ ಮೇಲೆ ಅದು ಹಳ್ಳಿ ತಲುಪಿದ್ದು ಸೈಕಲ್ ತುಳಿದ ಏಜೆಂಟರಿಂದಲೇ. ಅವರ ಕಮಿಶನ್ನಿನ ದೊಡ್ಡ ಪಾಲು ಮೊದಲ ವರ್ಷದ ಕಂತಿನಿಂದ ಬರುತ್ತದೆ, ನಂತರ ಪ್ರತಿ ಕಂತಿಗೂ ಸಣ್ಣ ಪಾಲು. ಗಿರಾಕಿ ಕಂತು ನಿಲ್ಲಿಸಿದರೆ ಇವರ ಆದಾಯವೂ ನಿಂತಿತು. ಆದ್ದರಿಂದ ಬಲ್ಲ ಏಜೆಂಟನು ಕಟ್ಟಲಾಗದಷ್ಟು ಮೊತ್ತವನ್ನು ಹೇರುವುದಿಲ್ಲ. ಹೇರುವವರಿಂದಲೇ ವೃತ್ತಿಗೆ ಕೆಟ್ಟ ಹೆಸರು ಬಂದಿದೆ. ತಿಂಗಳಾಂತ್ಯದ ಗುರಿ ಮುಟ್ಟದೆ ನಿದ್ದೆಗೆಟ್ಟ ಹುಡುಗರನ್ನೂ ನಾನು ಬಲ್ಲೆ. ಈ ಕೆಲಸ ಸುಲಭವೆಂದು ಯಾರೂ ಹೇಳಲಾರರು. ದಿನಕ್ಕೆ ಹತ್ತು ಬಾಗಿಲಲ್ಲಿ 'ಬೇಡ' ಎನಿಸಿಕೊಂಡು ಹನ್ನೊಂದನೆಯದನ್ನು ನಗುಮುಖದಿಂದ ತಟ್ಟುವುದಕ್ಕೆ ಬೇಕಾದ ಮನೋಬಲವನ್ನು ಯಾವ ಪರೀಕ್ಷೆಯೂ ಅಳೆಯುವುದಿಲ್ಲ.

ಕನ್ನಡ ಶಾಲೆಯವರಾದ ನಾವು ಮರೆಯಬಾರದ ಮಾರಾಟಗಾರರೊಬ್ಬರಿದ್ದಾರೆ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), ನನ್ನಂತೆಯೇ ಶಾಲಾ ಮಾಸ್ತರರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು. ಬರೆದು ಕೈಕಟ್ಟಿ ಕೂಡದೆ, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗರಿಲ್ಲವೆಂದು ಗೊಣಗುತ್ತಿದ್ದ ಕಾಲದಲ್ಲಿ ಅವರು ಮನೆ ಮನೆಗೆ ಹೋಗಿ ಓದುಗರನ್ನು ಹುಟ್ಟಿಸಿದರು.

ಇಂದಿಗೂ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕನ್ನಡ ಪುಸ್ತಕ ಬೇಕೆಂದರೆ ಬಸವಕಲ್ಯಾಣಕ್ಕೋ ಕಲಬುರ್ಗಿಗೋ ಹೋಗಬೇಕು. ಆದ್ದರಿಂದ ಮಹೋತ್ಸವದ ಎರಡೂ ದಿನ ಶಾಲೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಪುಸ್ತಕ ಮಾರಾಟದ ಮೇಜೊಂದನ್ನು ಇಡಿಸಲು ಸಮಿತಿಯವರನ್ನು ಒಪ್ಪಿಸಿದ್ದೇನೆ. ಒಂಬತ್ತನೆಯ ತರಗತಿಯ ಮಕ್ಕಳು ಮಾರುತ್ತಾರೆ, ರಸೀದಿ ಬರೆಯುತ್ತಾರೆ, ಸಂಜೆ ಲೆಕ್ಕ ಒಪ್ಪಿಸುತ್ತಾರೆ. ಮಾರಾಟ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಒಂದೊಂದು ತಾಸು ಅವರ ಪಕ್ಕದಲ್ಲಿ ನಿಂತು, ಗಿರಾಕಿಯೊಡನೆ ಹೇಗೆ ಮಾತನಾಡಬೇಕೆಂಬುದನ್ನು ತೋರಿಸಿಕೊಡಬೇಕೆಂದು ವಿನಂತಿ. ಬರುವವರು ತಮ್ಮ ಹೆಸರು, ಅದರ ಮುಂದೆ ತಮ್ಮ ಉದ್ಯೋಗವನ್ನೂ ಕಚೇರಿಯಲ್ಲಿ ಬರೆಯಿಸಬೇಕು. 'ಖಾಸಗಿ' ಎಂದು ಬರೆದರೆ ಸ್ವೀಕರಿಸಬಾರದೆಂದು ಗುಮಾಸ್ತರಿಗೆ ಹೇಳಿದ್ದೇನೆ.