ಒಂದು ಬೀಜ, ಮೂರು ಕಿತ್ತಳೆ ಸಸಿ

ಕಾಮಾಕ್ಷಿಪಾಳ್ಯದ ಓದುಗರೊಬ್ಬರು ಫೋಟೊ ಸಮೇತ ಒಂದು ಪ್ರಶ್ನೆ ಕಳಿಸಿದ್ದಾರೆ. ಹಣ್ಣು ತಿಂದ ಮಗಳು ಕರಿಬೇವಿನ ಕುಂಡದಲ್ಲಿ ಒಂದೇ ಒಂದು ಕಿತ್ತಳೆ ಬೀಜ ಊರಿದ್ದಳು. ಎದ್ದದ್ದು ಮೂರು ಸಸಿ. ಈಗ ಮೊಣಕಾಲೆತ್ತರ ಬೆಳೆದಿವೆ, ಎಲೆಗೊಂದರಂತೆ ಮುಳ್ಳೂ ಬಂದಿದೆ. "ಮುಳ್ಳಿನ ಗಿಡ ಮನೆಯಲ್ಲಿದ್ದರೆ ಜಗಳ, ವಾಸ್ತು ಪ್ರಕಾರ ಕಿತ್ತುಹಾಕಿ" ಎಂದು ನೆಂಟರು ಹೇಳಿ ಹೋಗಿದ್ದಾರೆ. "ಬೀಜದ ಗಿಡ ಹಣ್ಣು ಬಿಡಲ್ಲ, ಬಿಟ್ಟರೂ ಬರೀ ಹುಳಿ" ಎಂಬುದು ಪಕ್ಕದ ಮನೆಯವರ ಮಾತು. ಏನು ಮಾಡಲಿ ಎಂದು ಕೇಳಿದ್ದಾರೆ.

ಕೀಳಬೇಡಿ. ಇಬ್ಬರು ಹೇಳಿದ್ದೂ ತಪ್ಪು. ಮೊದಲು ಪಕ್ಕದ ಮನೆಯವರ ಮಾತನ್ನೇ ನೋಡೋಣ, ಏಕೆಂದರೆ ಅದು ಹುಟ್ಟಿದ್ದು ನಿಜವಾದ ಅನುಭವದಿಂದ. ಬಾದಾಮಿ ಮಾವಿನ ಗೊರಟೆ ನೆಟ್ಟರೆ ಬಾದಾಮಿ ಹಣ್ಣೇ ಬರುತ್ತದೆಂಬ ಭರವಸೆಯಿಲ್ಲ. ಅಲ್ಲಿ ಗೊರಟೆಯೊಳಗಿರುವುದು ಒಂದೇ ಭ್ರೂಣ. ಅದಕ್ಕೆ ತಾಯಿಯ ಗುಣ ಅರ್ಧ, ಯಾವುದೋ ತೋಪಿನಿಂದ ಪರಾಗ ಕೊಟ್ಟ ಮರದ ಗುಣ ಅರ್ಧ. ಮಾವಿಗೆ ಸಲ್ಲುವ ಈ ಮಾತನ್ನು ಜನ ಕಿತ್ತಳೆಗೂ ಅಂಟಿಸಿಬಿಟ್ಟಿದ್ದಾರೆ. ಕಿತ್ತಳೆಯ ಬೀಜ ನಡೆಸುವ ಸಂಸಾರವೇ ಬೇರೆ.

ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕಿಲ್ಲ. ತಿಂದ ಹಣ್ಣಿನ ಬೀಜ ತೊಳೆದು ಒಂದು ರಾತ್ರಿ ನೀರಿನಲ್ಲಿಡಿ. ಬೆಳಿಗ್ಗೆ ಚೂಪು ತುದಿಯಿಂದ ಉಗುರಿನಲ್ಲಿ ಎಬ್ಬಿಸಿದರೆ ಹೊರಗಿನ ಗಟ್ಟಿ ಬಿಳಿ ಸಿಪ್ಪೆ ಕಳಚುತ್ತದೆ. ಅದರೊಳಗೆ ಕಂದು ಬಣ್ಣದ ತೆಳು ಪೊರೆ, ಅದರ ಒಂದು ತುದಿಯಲ್ಲಿ ಗಾಢವಾದ ಚುಕ್ಕೆ. ಆ ಪೊರೆಯನ್ನೂ ಸುಲಿಯಿರಿ. ಒಳಗಿನ ತಿರುಳು ಪಿಸ್ತಾದಂತೆ ಹಸಿರು. ಮೂಸಂಬಿಯಾದರೆ ಈ ತಿರುಳು ಬೆಳ್ಳಗಿರುತ್ತದೆ. ಕಿತ್ತಳೆಯ ಹಸಿರು ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ. ಮೆಲ್ಲಗೆ ಒತ್ತಿದರೆ ಅದು ಅವರೆಕಾಳಿನ ಬೇಳೆಯ ಹಾಗೆ ಸರಿಯಾಗಿ ಎರಡು ಹೋಳಾಗುವುದಿಲ್ಲ. ದೊಡ್ಡದೊಂದು, ಚಿಕ್ಕದೆರಡು, ಸಾಸಿವೆಗಿಂತ ಸಣ್ಣದೊಂದು, ಹೀಗೆ ಸೊಟ್ಟಸೊಟ್ಟ ತುಂಡುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಒಂದೊಂದೂ ಒಂದು ಭ್ರೂಣ, ಒಂದೊಂದೂ ಗಿಡವಾಗಬಲ್ಲದು.

ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್, ತಾನೇ ಉಜ್ಜಿ ಮಾಡಿದ ಮಸೂರಗಳಿಂದ ಏನೇನನ್ನೋ ನೋಡಿ ದಾಖಲಿಸಿದ ಮಹಾನುಭಾವ, 1719ರಲ್ಲೇ ಕಿತ್ತಳೆ ಜಾತಿಯ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುವುದನ್ನು ಗುರುತಿಸಿದ್ದ. ಅವು ಎಲ್ಲಿಂದ ಬಂದವು ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ಸ್ಟ್ರಾಸ್‌ಬರ್ಗರ್ 1878ರಲ್ಲಿ ವಿವರಿಸಿದರು. ಹೂವಿಗೆ ಪರಾಗ ಬಿದ್ದು ಎಂದಿನಂತೆ ಒಂದು ಭ್ರೂಣ ಕಟ್ಟುತ್ತದೆ. ಅಷ್ಟರಲ್ಲಿ ಅದನ್ನು ಸುತ್ತುವರಿದ ಅಂಗಾಂಶ, ಅಂದರೆ ಅಪ್ಪಟ ತಾಯಿಮರದ ಮೈಯೇ, ತಾನೂ ಭ್ರೂಣಗಳನ್ನು ಕಟ್ಟಿ ಒಳಕ್ಕೆ ನುಗ್ಗಿಸುತ್ತದೆ. ಇವಕ್ಕೆ ತಂದೆಯಿಲ್ಲ. ಇವು ತಾಯಿಯ ಮಕ್ಕಳೂ ಅಲ್ಲ, ತಾಯಿಯೇ. ಬೀಜದೊಳಗಿನ ಆಹಾರಕ್ಕಾಗಿ ಎಲ್ಲವೂ ಪೈಪೋಟಿಗೆ ಬೀಳುತ್ತವೆ. ಆ ಪೈಪೋಟಿಯಲ್ಲಿ ತಂದೆ ತಾಯಿ ಇಬ್ಬರೂ ಇರುವ ಆ ಒಂದು ಭ್ರೂಣವೇ ಎಷ್ಟೋ ಸಲ ಸೊರಗಿ ಹೋಗುತ್ತದೆ.

2017ರಲ್ಲಿ ಚೀನಾದ ವಿಜ್ಞಾನಿಗಳು ಇದರ ಹಿಂದಿರುವ ಜೀನನ್ನು ಹಿಡಿದರು. ವರ್ಣತಂತುವಿನಲ್ಲಿ ಜಾಗ ಬದಲಿಸುತ್ತ ಓಡಾಡುವ ಡಿಎನ್‌ಎ ತುಣುಕುಗಳಿವೆ. ಅಂಥದೊಂದು ಪುಟ್ಟ ತುಣುಕು ಹಿಂದೆಂದೋ ಒಂದು ಜೀನಿನ ಪಕ್ಕ ಬಂದು ಸೇರಿಕೊಂಡಿದೆ; ಬಹುಭ್ರೂಣದ ತಳಿಗಳಲ್ಲಿ ಅದು ಕಾಣುತ್ತದೆ. ನಮ್ಮ ದೇವನಹಳ್ಳಿಯ ಚಕ್ಕೋತದ ಜಾತಿಗೆ ಈ ಗುಣವಿಲ್ಲ. ಬೀಜಕ್ಕೊಂದೇ ಭ್ರೂಣ, ಹಾಗಾಗಿ ಚಕ್ಕೋತದ ಬೀಜದ ಗಿಡಗಳು ಒಂದರ ಹಾಗೆ ಒಂದಿರುವುದಿಲ್ಲ. ಕೊಡಗಿನವರು ಮಾತ್ರ ಕಾಫಿ ತೋಟದ ನಡುವೆ ತಲೆಮಾರುಗಳಿಂದ ಬೀಜದಿಂದಲೇ ಕಿತ್ತಳೆ ಬೆಳೆಸಿ, ಆ ರುಚಿಯನ್ನು ಕೆಡದಂತೆ ಉಳಿಸಿಕೊಂಡು ಬಂದರು. ಅದು ಸಾಧ್ಯವಾಗಿದ್ದು ಈ ತಂದೆಯಿಲ್ಲದ ಭ್ರೂಣಗಳಿಂದಲೇ. ಬೀಜದ ಗಿಡಕ್ಕೆ ಇನ್ನೊಂದು ಲಾಭವೂ ಇದೆ: ನಿಂಬೆ ಕುಲವನ್ನು ಕಾಡುವ ಟ್ರಿಸ್ಟೆಜ ವೈರಸ್ ಕಸಿಕಡ್ಡಿಯಿಂದ ದಾಟುತ್ತದೆ, ಬೀಜದಿಂದ ದಾಟುವುದಿಲ್ಲ.

ಇನ್ನು ಮುಳ್ಳಿನ ವಿಚಾರ. ತಾಯಿಯೇ ಮತ್ತೆ ಮೊಳೆತರೂ ತಾಯಿಯ ವಯಸ್ಸು ಅದಕ್ಕೆ ಬರುವುದಿಲ್ಲ. ಹತ್ತಾರು ವರ್ಷ ಹಣ್ಣು ಕೊಟ್ಟ ಮರ ಬೀಜದೊಳಗೆ ಹೊಕ್ಕು ಹೊರಬರುವಾಗ ಹಸುಗೂಸಾಗಿರುತ್ತದೆ. ಕಿತ್ತಳೆಗೆ ಬಾಲ್ಯದ ಗುರುತೇ ಮುಳ್ಳು, ನೆಟ್ಟನೆಯ ಬೆಳವಣಿಗೆ, ಹೂ ಬಿಡದಿರುವುದು. ವಯಸ್ಸಾದಂತೆ ಮೇಲಿನ ರೆಂಬೆಗಳಲ್ಲಿ ಮುಳ್ಳು ಕುಗ್ಗುತ್ತದೆ, ಹೂವು ಬರುತ್ತದೆ. ಇದಕ್ಕೆ ಐದರಿಂದ ಎಂಟು ವರ್ಷ, ಕುಂಡದಲ್ಲಾದರೆ ಇನ್ನೂ ಹೆಚ್ಚು ಹಿಡಿಯಬಹುದು. ಬೀಜದ ಗಿಡ ಬಂಜೆ ಎಂಬ ಹೆಸರು ಬಂದದ್ದು ಜನರಿಗೆ ಅಷ್ಟು ವರ್ಷ ಕಾಯುವ ತಾಳ್ಮೆ ಇಲ್ಲದ್ದರಿಂದ. ನರ್ಸರಿಯವರು ಹಣ್ಣು ಬಿಡುವ ಮರದ ಕಣ್ಣನ್ನೇ ತೆಗೆದು ಕಸಿ ಮಾಡುವುದರಿಂದ ಅವರ ಗಿಡಕ್ಕೆ ಮುಳ್ಳು ಕಡಿಮೆ, ಫಲವೂ ಬೇಗ.

ಎಳೆ ಗಿಡವೊಂದು ದನಕರುಗಳ ಬಾಯಿಂದ ತಪ್ಪಿಸಿಕೊಳ್ಳಲು ಮುಳ್ಳು ಬಿಟ್ಟರೆ ನಮ್ಮ ಮನೆಯಲ್ಲಿ ಜಗಳವಾಗುತ್ತದೆ ಎನ್ನುವುದು ಯಾವ ನ್ಯಾಯ? ಮನೆ ಬಾಗಿಲಿಗೆ ನಿಂಬೆಹಣ್ಣು ಕಟ್ಟುವವರೇ ನಿಂಬೆಯ ಬಳಗದ ಗಿಡವನ್ನು ಮನೆಯಿಂದಾಚೆ ಹಾಕಿ ಎನ್ನುತ್ತಾರೆ! ಹೂ ಉದುರಿದಾಗ "ದೃಷ್ಟಿ ಬಿತ್ತು" ಎನ್ನುವವರಿಗೂ ಇದೇ ಮಾತು. ಚೆನ್ನಾಗಿರುವ ಕಿತ್ತಳೆ ಗಿಡವೂ ತನ್ನ ಹೂಗಳಲ್ಲಿ ಬಹುಪಾಲನ್ನು ಉದುರಿಸಿಯೇ ಉದುರಿಸುತ್ತದೆ. ನೂರಕ್ಕೆ ಎರಡು ಮೂರು ಕಾಯಿ ಕಚ್ಚಿದರೆ ಅದೇ ದೊಡ್ಡದು.

ಮೂರರಲ್ಲಿ ಯಾವುದನ್ನು ಉಳಿಸಬೇಕು? ಫೋಟೊದಲ್ಲಿ ಎರಡು ಗಿಡ ಎಲೆ, ಎತ್ತರ ಎಲ್ಲದರಲ್ಲೂ ಒಂದೇ ಥರ ಇವೆ. ಅವು ಬಹುಶಃ ತಾಯಿಯ ಪಡಿಯಚ್ಚು. ಕುಳ್ಳಗೆ ಬೇರೆ ಥರದ ಎಲೆ ಬಿಟ್ಟಿರುವ ಮೂರನೆಯದು ತಂದೆಯ ಪಾಲೂ ಇರುವ ಸಸಿ ಇರಬಹುದು. ಹಣ್ಣು ಬೇಕೆಂದರೆ ಮೊದಲಿನ ಎರಡನ್ನು ಉಳಿಸಿ. ಕುತೂಹಲವಿದ್ದರೆ ಮೂರನೆಯದನ್ನೂ ಸಾಕಿ, ಅದರ ಹಣ್ಣು ಹೇಗಿರುತ್ತದೋ ಯಾರೂ ಮೊದಲೇ ಹೇಳಲಾರರು.

ಒಂದು ಕೆಲಸ ಮಾತ್ರ ಈಗಲೇ ಆಗಬೇಕು: ಅವನ್ನು ಕರಿಬೇವಿನಿಂದ ದೂರ ಮಾಡಿ. ಕಿತ್ತಳೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಾ ಎಂಬ ಪುಟ್ಟ ಕೀಟ ಕರಿಬೇವಿನ ಚಿಗುರಿನಲ್ಲೂ ಮರಿ ಮಾಡುತ್ತದೆ. ಕಾಮಾಕ್ಷಿಪಾಳ್ಯದ ಒಳರಸ್ತೆಗಳಲ್ಲಿ ಕೆಳಗೆ ಲೇತ್ ಸದ್ದು, ಮೇಲೆ ತಾರಸಿಯ ತುಂಬ ಗಿಡ. ಹೆಚ್ಚಿನವು ಗುಜರಿಯಿಂದ ತಂದು ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ. ಕಿತ್ತಳೆಗೂ ಅದು ಒಳ್ಳೆಯದೇ. ಆದರೆ ಅದರಲ್ಲಿ ಮೊದಲು ಏನಿತ್ತೆಂದು ಕೇಳಿ, ಆಸಿಡ್ಡೋ ಪ್ಲೇಟಿಂಗ್ ರಾಸಾಯನಿಕವೋ ಇದ್ದ ಡ್ರಮ್ ಬೇಡ. ತಳಕ್ಕೆ ತೂತು ಧಾರಾಳವಾಗಿರಲಿ, ನೀರು ನಿಂತರೆ ಬೇರು ಕೊಳೆಯುತ್ತದೆ.

ಬೋರ್‌ವೆಲ್ಲಿನ ಗಡಸು ನೀರು ಹಾಕುತ್ತಿದ್ದರೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ಸಿಗದಿರುವುದು ಇದಕ್ಕೆ ಕಾರಣ. ಮಳೆನೀರು ಹಿಡಿದು ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿರುವ 'ಅರ್ಕಾ ಸಿಟ್ರಸ್ ಸ್ಪೆಷಲ್' ಲಘುಪೋಷಕಾಂಶದ ಮಿಶ್ರಣ ಸಿಂಪಡಿಸಬಹುದು. ಹಳದಿ ಎಲೆಯ ಎರಡೂ ಮಗ್ಗುಲಲ್ಲಿ ಒಂದೇ ಸಮನಾಗಿದ್ದರೆ ಅದು ಪೋಷಕಾಂಶದ ಕೊರತೆ. ನಡುನರದ ಆಚೆಗೊಂದು ಈಚೆಗೊಂದು ಥರ ತೇಪೆತೇಪೆಯಾಗಿದ್ದರೆ ಗ್ರೀನಿಂಗ್ ಇರಬಹುದು. ಅದಕ್ಕೆ ಮದ್ದಿಲ್ಲ, ಗಿಡ ತೆಗೆಯಬೇಕಾಗುತ್ತದೆ.

ಚಳಿಗಾಲದಲ್ಲಿ ಮಾಗಡಿ ರಸ್ತೆಯುದ್ದಕ್ಕೂ ತಳ್ಳುಗಾಡಿಗಳಲ್ಲಿ ಕಿತ್ತಳೆ ಬರುತ್ತದೆ. ಬೀಜಗಳನ್ನು ಕಸಕ್ಕೆ ಹಾಕುವ ಮೊದಲು ಮಕ್ಕಳ ಕೈಗೆ ನಾಲ್ಕು ಕೊಟ್ಟು ಸುಲಿಸಿ, ಒಳಗಿನ ಭ್ರೂಣಗಳನ್ನು ಎಣಿಸಲು ಹೇಳಿ. ನೆಡುವುದಕ್ಕೆಂದು ಎತ್ತಿಟ್ಟ ಬೀಜವನ್ನು ಮಾತ್ರ ಬಿಸಿಲಿಗಿಟ್ಟು ಒಣಗಿಸಬೇಡಿ. ಕಿತ್ತಳೆ ಬೀಜ ಪೂರ್ತಿ ಒಣಗಿದರೆ ಸಾಯುತ್ತದೆ; ಹಣ್ಣು ತಿಂದ ದಿನವೇ ಊರಿ.