ಕಚೇರಿಯ ಮೌಖಿಕ ಜ್ಞಾನ ಮತ್ತು ಲೋ-ಕೋಡ್ ಸಾಧನಗಳು

ಯಾವುದೇ ಕಚೇರಿ ನಡೆಯುವುದು ಲಿಖಿತ ನಿಯಮಗಳಿಂದ ಮಾತ್ರವಲ್ಲ, ಬಾಯಿಂದ ಬಾಯಿಗೆ ಬಂದ ರೂಢಿಗಳಿಂದಲೂ ಹೌದು. ಉಗ್ರಾಣದಿಂದ ಸರಕು ಹೊರಹೋಗುವಾಗ ಯಾರ ಸಹಿ ಮೊದಲು, ಅಧಿಕಾರಿ ರಜೆಯಲ್ಲಿದ್ದರೆ ಯಾರ ಒಪ್ಪಿಗೆ ಸಾಕು ಎಂಬಂತಹ ಸಂಗತಿಗಳು ಹಳಬರ ನೆನಪಿನಲ್ಲಿರುತ್ತವೆ. ವೃತ್ತಿ ಜಾನಪದದ ವ್ಯಾಪ್ತಿಗೆ ಸೇರುವ ಈ ಜ್ಞಾನವು ಇಂದು ಲೋ-ಕೋಡ್ ಸಾಧನಗಳ ಮೂಲಕ ಗಣಕಕ್ಕೆ ಇಳಿಯುತ್ತಿದೆ.

'ಲೋ-ಕೋಡ್' ಎಂಬ ಹೆಸರು ಬಳಕೆಗೆ ಬಂದುದು 2014ರ ಫಾರೆಸ್ಟರ್ ಸಂಸ್ಥೆಯ ವರದಿಯಿಂದ. ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್, 2020ರಲ್ಲಿ ಗೂಗಲ್ ಖರೀದಿಸಿದ ಆ್ಯಪ್‌ಶೀಟ್ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ಕೋಷ್ಟಕವೊಂದನ್ನು ಆಧಾರವಾಗಿಟ್ಟುಕೊಂಡು ನಮೂನೆ, ಅನುಮೋದನೆಯ ಹಂತ ಮತ್ತು ಬಳಕೆದಾರರ ಅಧಿಕಾರಗಳನ್ನು ಪರದೆಯ ಮೇಲೆಯೇ ಜೋಡಿಸಲಾಗುತ್ತದೆ. ಅಲ್ಲಲ್ಲಿ ಸಣ್ಣ ಸೂತ್ರಗಳನ್ನು ಬರೆದರೆ ಸಾಕು. ಹೆಸರು ಹೊಸತಾದರೂ ಪರಂಪರೆ ಹಳೆಯದು. 1979ರ ವಿಸಿಕ್ಯಾಲ್ಕ್ ಮತ್ತು 1987ರಲ್ಲಿ ಬಿಲ್ ಅಟ್ಕಿನ್ಸನ್ ರೂಪಿಸಿದ ಹೈಪರ್‌ಕಾರ್ಡ್ ಇದರ ಪೂರ್ವಜರು.

ಮಾನವಶಾಸ್ತ್ರಜ್ಞೆ ಬಾನಿ ನಾರ್ಡಿ ಮತ್ತು ಜೇಮ್ಸ್ ಮಿಲ್ಲರ್ 1990ರಲ್ಲಿ ಸ್ಪ್ರೆಡ್‌ಶೀಟ್ ಬಳಕೆದಾರರನ್ನು ಕ್ಷೇತ್ರಕಾರ್ಯದ ವಿಧಾನದಿಂದ ಅಧ್ಯಯನ ಮಾಡಿದರು. ಒಬ್ಬನೇ ಕುಳಿತು ಮಾಡುವ ಕೆಲಸವೆಂದು ತೋರುತ್ತಿದ್ದುದು ವಾಸ್ತವವಾಗಿ ಸಹೋದ್ಯೋಗಿಗಳ ಸಾಮೂಹಿಕ ರಚನೆಯಾಗಿತ್ತು. ಗಣಕದ ಸಹಾಯದಿಂದ ವಿನ್ಯಾಸ ರಚಿಸುವವರ ನಡುವೆ ಇಂತಹ ನೆರವು ನೀಡುವ ಸ್ಥಳೀಯ ತಜ್ಞರನ್ನು ಮಿಷೆಲ್ ಗ್ಯಾಂಟ್ ಮತ್ತು ನಾರ್ಡಿ 1992ರಲ್ಲಿ 'ತೋಟಗಾರರು' ಎಂದು ಕರೆದರು. ಊರಿನ ಹಾಡುಗಾರ್ತಿಯ ಸ್ಥಾನವನ್ನು ಬಲ್ಲ ಜಾನಪದ ಸಂಶೋಧಕರಿಗೆ ಈ ವ್ಯಕ್ತಿ ಅಪರಿಚಿತನಲ್ಲ.

ಆದರೆ ರೂಢಿಯು ಸೂತ್ರವಾಗುವಾಗ ಸ್ವಭಾವವನ್ನೇ ಬದಲಿಸುತ್ತದೆ. ಮೌಖಿಕ ರೂಪದಲ್ಲಿ 'ಸಾಮಾನ್ಯವಾಗಿ ಹೀಗೆ' ಎಂದಿದ್ದುದು ಇಲ್ಲಿ 'ಯಾವಾಗಲೂ ಹೀಗೆಯೇ' ಎಂದಾಗುತ್ತದೆ. ಹೇಳುವವನು ಸಂದರ್ಭ ನೋಡಿ ಮಾಡಿಕೊಳ್ಳುತ್ತಿದ್ದ ಪಾಠಾಂತರಕ್ಕೆ, ಮೊದಲೇ ಊಹಿಸಿ ಅವಕಾಶ ಕಲ್ಪಿಸದಿದ್ದರೆ, ಎಡೆಯಿರುವುದಿಲ್ಲ. ಅಧಿಕಾರಿಯ ಗೈರುಹಾಜರಿಯಲ್ಲಿ ಹಿರಿಯ ಗುಮಾಸ್ತನ ಒಪ್ಪಿಗೆ ನಡೆಯುತ್ತಿದ್ದ ಕಡೆ ಆ್ಯಪ್ ಅಧಿಕಾರಿಯ ಗುಂಡಿಗಾಗಿ ಕಾಯುತ್ತ ಕೂರುತ್ತದೆ. ಆಗ ನೌಕರರಿಗೆ ಉಳಿಯುವ ದಾರಿ 'ಷರಾ' ಅಂಕಣವೊಂದೇ. (ಇಂತಹ ಆ್ಯಪ್‌ಗಳನ್ನು ಅಧ್ಯಯನ ಮಾಡುವವರು ಮೊದಲು ಓದಬೇಕಾದುದೂ ಆ ಅಂಕಣವನ್ನೇ.) ಹಾಗೆಂದು ಈ ಸಾಧನಗಳನ್ನು ತಳ್ಳಿಹಾಕುವಂತಿಲ್ಲ. ಹೊರಗಿನ ತಂತ್ರಜ್ಞನು ಹೋಗಲಿ, ಮೇಲಧಿಕಾರಿಯೂ ಅರಿಯದ ವಿವರಗಳನ್ನು ಗುಮಾಸ್ತನೇ ದಾಖಲಿಸಬಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಹೆಚ್ಚು ಗಂಭೀರವಾದುದು ಒಡೆತನದ ಪ್ರಶ್ನೆ. ಗೂಗಲ್‌ನ 'ಆ್ಯಪ್ ಮೇಕರ್' ಎಂಬ ಲೋ-ಕೋಡ್ ಸಾಧನವು 2018ರಲ್ಲಿ ಸಾರ್ವತ್ರಿಕ ಬಳಕೆಗೆ ಬಂದು, 2021ರ ಜನವರಿ 19ರಂದು ಸ್ಥಗಿತಗೊಂಡಿತು. ಮುಚ್ಚುವ ವಿಷಯವನ್ನು ಸುಮಾರು ಒಂದು ವರ್ಷ ಮೊದಲೇ ಪ್ರಕಟಿಸಲಾಗಿತ್ತು. ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿದ್ದ ದತ್ತಾಂಶ ಉಳಿಯಿತು. ಆದರೆ ಆ್ಯಪ್‌ಗಳನ್ನು ನೇರವಾಗಿ ಬೇರೆಡೆಗೆ ಸಾಗಿಸುವಂತಿರಲಿಲ್ಲ. ಅಂದರೆ ಹಾಡಿನ ಪದಗಳು ಉಳಿದು ಧಾಟಿ ಹೋದಂತೆ, ಕೋಷ್ಟಕದ ಸಾಲುಗಳು ಉಳಿದವು, ಅವುಗಳನ್ನು ನಡೆಸುತ್ತಿದ್ದ ನಿಯಮಗಳನ್ನು ಬೇರೊಂದು ಸಾಧನದಲ್ಲಿ ಮೊದಲಿನಿಂದ ಕಟ್ಟಬೇಕಾಯಿತು. ಪ್ರತಿಯೊಂದು ಹಂತವನ್ನು ಏಕೆ ಸೇರಿಸಲಾಗಿತ್ತೆಂಬುದನ್ನು ಬರೆದಿಡದಿದ್ದ ಕಡೆಗಳಲ್ಲಿ ಆ ಕಟ್ಟುವಿಕೆಗೆ ಆಧಾರವಾಗಿ ಉಳಿಯುವುದು, ಮೊದಲಿನಂತೆಯೇ, ಹಳಬರ ನೆನಪು.